ಎರೆ ನೆಲ, ಎರಡು ಹೆಸರು: ಬಳ್ಳಾರಿಯಲ್ಲಿ ಗಂಡ-ಹೆಂಡತಿ ಸೇರಿ ಮನೆ ಕೊಳ್ಳುವಾಗ

ಬಳ್ಳಾರಿಯಲ್ಲಿ ಮನೆ ನೋಡಲು ಹೋದವರು ಮೊದಲು ವಾಸ್ತು ಕೇಳುತ್ತಾರೆ, ಆಮೇಲೆ ರೇಟು. ಅದಕ್ಕೂ ಮುಂಚೆ ಕೇಳಬೇಕಾದದ್ದು, ಪಾಯದ ಕೆಳಗಿರುವುದು ಎರೆಯೋ (ಕಪ್ಪು ಜೇಡಿ ಮಣ್ಣು) ಗರಸೋ (ಗಟ್ಟಿ ಜಲ್ಲಿ ಮಣ್ಣು) ಅಂತ. ಊರ ಸುತ್ತಿನ ಎಷ್ಟೋ ಲೇಔಟ್‌ಗಳು ಹಿಂದೆ ಎರೆ ಹೊಲಗಳು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಮೇಲಿನ ಗೋಡೆಯೂ ಅದರ ಜೊತೆಗೇ ಏರಿಳಿಯುತ್ತದೆ.

ಹಾಗಾಗಿ ಮನೆಯನ್ನು ಏಪ್ರಿಲ್-ಮೇ ತಿಂಗಳಲ್ಲಿ ನೋಡುವುದು ಒಳ್ಳೆಯದು. ಬಿರುಕು ಆಗ ಪೂರ್ತಿ ತೆರೆದಿರುತ್ತದೆ. ಮಳೆಗಾಲದಲ್ಲಿ ಅದೇ ಬಿರುಕು ಮುಚ್ಚಿಕೊಂಡು ಗೋಡೆ ಸಾಚಾ ಕಾಣುತ್ತದೆ. ಜೇಬಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟುಕೊಳ್ಳಿ. ಕೂದಲೆಳೆಯಂಥ ಗೀರು ಬರೀ ಗಿಲಾವಿನದು, ಅದಕ್ಕೆ ಹೆದರಬೇಕಿಲ್ಲ. ಕಿಟಕಿ-ಬಾಗಿಲಿನ ಮೂಲೆಯಿಂದ ಓರೆಯಾಗಿ ಏರಿದ ಬಿರುಕಿನಲ್ಲಿ ನಾಣ್ಯದ ಅಂಚು ಒಳಹೋದರೆ ಪಾಯ ಅಲುಗಿದೆ ಎಂದು ಅನುಮಾನಿಸಿ, ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಹಳೇ ಮನೆಯ ಒಂದೇ ಗೋಡೆಗೆ ಹೊಸ ಬಣ್ಣ ಬಿದ್ದಿದ್ದರೆ ಬೆರಳಿನಿಂದ ತಟ್ಟಿ ನೋಡಿ. ಪುಟ್ಟಿ ತುಂಬಿದ ಕಡೆ ಟೊಳ್ಳು ಸದ್ದು ಬರುತ್ತದೆ. ಎಲ್ಲಾ ಬಾಗಿಲು ಹಾಕಿ ತೆಗೆಯಿರಿ. ಚೌಕಟ್ಟು ಓರೆಯಾಗಿದ್ದರೆ ಬಾಗಿಲು ಒಂದು ಮೂಲೆಯಲ್ಲಿ ಕಚ್ಚುತ್ತದೆ.

ಹೊರಗೂ ಒಂದು ಸುತ್ತು ಬನ್ನಿ. ಬಚ್ಚಲ ನೀರು ಪಾಯದ ಪಕ್ಕದಲ್ಲೇ ಇಂಗುತ್ತಿದ್ದರೆ ಆ ಮೂಲೆ ಉಬ್ಬಿ, ಒಣಗಿದ ಮೂಲೆ ಕುಗ್ಗುತ್ತದೆ. ಗೋಡೆಗೆ ಹತ್ತಿದ ದೊಡ್ಡ ಬೇವಿನ ಮರವೂ ನೆಲದ ತೇವ ಹೀರಿ ಅದನ್ನೇ ಮಾಡುತ್ತದೆ. (ನೆರಳಿಗಾಗಿ ಮರ ಬೇಕೇ ಬೇಕು ಅನ್ನುವವರು ಸ್ವಲ್ಪ ದೂರದಲ್ಲಿ ನೆಡಲಿ.) ಕಟ್ಟಿದ ಮೇಸ್ತ್ರಿ ಸಿಕ್ಕರೆ ಎರಡು ಪ್ರಶ್ನೆ ಸಾಕು: ಎರೆ ದಾಟಿ ಗಟ್ಟಿ ನೆಲದವರೆಗೆ ಪಾಯ ಇಳಿಸಿದ್ದೀರಾ? ಪ್ಲಿಂತ್ ಬೀಮ್ (ಪಾಯದ ಮೇಲೆ, ಗೋಡೆಯ ಕೆಳಗೆ ಸುತ್ತ ಹಾಕುವ ಕಾಂಕ್ರೀಟ್ ತೊಲೆ) ಹಾಕಿದ್ದೀರಾ?

ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮಾರುವವರನ್ನಲ್ಲ, ಎದುರುಮನೆಯವರನ್ನು ಕೇಳಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಲೆಕ್ಕ ಹಿಡಿದರೆ ನಾಲ್ಕು ಜನಕ್ಕೆ ಹತ್ತು ದಿನಕ್ಕೆ 5,400 ಲೀಟರ್ ಆಯಿತು. 2 ಮೀಟರ್ ಉದ್ದ, ಒಂದೂವರೆ ಅಗಲ, 2 ಮೀಟರ್ ಆಳದ ಸಂಪು 6,000 ಲೀಟರ್ ಹಿಡಿಯುತ್ತದೆ. ಬೋರ್‌ವೆಲ್ ಇದ್ದರೆ ಫ್ಲೋರೈಡ್ ಪರೀಕ್ಷೆ ಮಾಡಿಸಿ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಆಗದು, ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ.

ಕಾಗದಪತ್ರಗಳಲ್ಲಿ ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ, ಅದಿಲ್ಲದೆ ನೋಂದಣಿ ಆಗುವುದಿಲ್ಲ. ಕ್ರಯಪತ್ರದ ಚಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿ ವಿವರ) ಕೈಯಲ್ಲಿ ಹಿಡಿದು ಟೇಪಿನಿಂದ ನಿವೇಶನ ಅಳೆಯಿರಿ. 30×40 ಎಂದು ಬರೆದದ್ದು ನೆಲದ ಮೇಲೆ ಒಂದೆರಡು ಅಡಿ ಕಡಿಮೆ ಬಂದರೆ, ಪಕ್ಕದವರ ಕಾಂಪೌಂಡು ಎಲ್ಲಿ ಕೂತಿದೆ ನೋಡಿ. ಹೊಸ ಲೇಔಟ್ ಆದರೆ ಎನ್.ಎ. (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ) ಆದೇಶವನ್ನೂ ನಗರಾಭಿವೃದ್ಧಿ ಪ್ರಾಧಿಕಾರ ಮಂಜೂರು ಮಾಡಿದ ನಕ್ಷೆಯನ್ನೂ ಕೇಳಿ. 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ಆದರೆ ಇ.ಸಿ. ಶುದ್ಧವಾಗಿದೆ ಎಂದು ನಿಶ್ಚಿಂತರಾಗಬೇಡಿ, ಅದರಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಬರುತ್ತದೆ. ಪಿತ್ರಾರ್ಜಿತ ಮನೆಯಾದರೆ ವಂಶವೃಕ್ಷ ತರಿಸಿ. ಅಣ್ಣತಮ್ಮಂದಿರೆಲ್ಲ ಸಹಿ ಹಾಕಿ, ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಬಿಟ್ಟ ಕ್ರಯಪತ್ರಗಳೇ ಮುಂದೆ ಕೋರ್ಟಿಗೆ ಹೋಗುವುದು.

ಇನ್ನು ದುಡ್ಡು. 40 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ 5%, ಅಂದರೆ 2 ಲಕ್ಷ. ಆ ಶುಲ್ಕದ ಮೇಲೆ ನಗರದಲ್ಲಿ 10% ಸೆಸ್, 2% ಸರ್ಚಾರ್ಜ್ ಸೇರಿ 24 ಸಾವಿರ. 2025ರ ಆಗಸ್ಟ್ ಕೊನೆಯಿಂದ 2% ಆಗಿರುವ ನೋಂದಣಿ ಶುಲ್ಕ 80 ಸಾವಿರ. ಒಟ್ಟು 3,04,000. ಹೆಂಡತಿ ಹೆಸರಿಗೆ ಮಾಡಿಸಿದರೆ ಕಡಿಮೆ ಎಂಬ ಮಾತು ಬೇರೆ ರಾಜ್ಯದ್ದು, ಕರ್ನಾಟಕದಲ್ಲಿ ಆ ರಿಯಾಯಿತಿ ಇಲ್ಲ. 30ರಿಂದ 75 ಲಕ್ಷದ ಸಾಲಕ್ಕೆ ಬ್ಯಾಂಕು ಮನೆಯ ಬೆಲೆಯ 80%ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಹಾಗಾದರೆ ಸಾಲ 32 ಲಕ್ಷ, ಕೈಯಿಂದ ಹಾಕಬೇಕಾದ್ದು 11 ಲಕ್ಷಕ್ಕೂ ಮೇಲೆ. ಅಡ್ವಾನ್ಸು ಚೆಕ್ಕಿನಲ್ಲೋ ಆನ್‌ಲೈನಲ್ಲೋ ಕೊಡಿ; 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಸಾಲ ಮಂಜೂರಾಗದಿದ್ದರೆ ಅಡ್ವಾನ್ಸು ವಾಪಸು ಎಂಬ ಸಾಲು ಅಗ್ರಿಮೆಂಟಿನಲ್ಲಿ ಇರಲೇಬೇಕು.

ಹೆಚ್ಚಿನವರು ಎಡವುವುದು ಪಾಲಿನ ವಿಷಯದಲ್ಲಿ. ಇಬ್ಬರ ಹೆಸರು ಬರೆಸಿದರೆ ಸಾಲದು, ಯಾರದು ಎಷ್ಟು ಪಾಲು ಎಂದು ಕ್ರಯಪತ್ರದಲ್ಲೇ ಬರೆಸಿ: 60-40 ಅಥವಾ ಅರ್ಧರ್ಧ. ಬರೆಯದಿದ್ದರೆ ಹಾಕಿದ ಹಣದ ಪ್ರಮಾಣದಲ್ಲಿ ಪಾಲು. ಅದಕ್ಕೂ ಪುರಾವೆ ಇಲ್ಲದಿದ್ದರೆ ಸಮಪಾಲು ಎಂದು ಲೆಕ್ಕ. ಆದ್ದರಿಂದ ಅವರವರ ಪಾಲಿನ ಹಣ ಅವರವರ ಖಾತೆಯಿಂದಲೇ ಹೋಗಲಿ, ಕಂತೂ ಅಷ್ಟೆ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಇದರಲ್ಲಿ ಲಾಭವೂ ಇದೆ: ಇಬ್ಬರೂ ಮಾಲೀಕರಾಗಿ ಸಾಲದಲ್ಲೂ ಇಬ್ಬರೂ ಇದ್ದರೆ, ವಾಸದ ಮನೆಯ ಬಡ್ಡಿಗೆ ತಲಾ 2 ಲಕ್ಷದವರೆಗೆ ವಿನಾಯಿತಿ. ಒಬ್ಬರು ತೀರಿಕೊಂಡರೆ ಅವರ ಪಾಲು ತಾನಾಗಿ ಇನ್ನೊಬ್ಬರಿಗೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹಿಂದೂ ಗಂಡನ ಪಾಲಿನಲ್ಲಿ ಹೆಂಡತಿ, ಮಕ್ಕಳ ಜೊತೆ ಅವನ ತಾಯಿಗೂ ಹಕ್ಕು ಬರುತ್ತದೆ. ಅದು ಬೇಡವಾದರೆ ಇಬ್ಬರೂ ವಿಲ್ ಬರೆದಿಡಿ.

ನೋಂದಣಿ ಮುಗಿದ ಮೇಲೆ ಪಾಲಿಕೆಯ ಖಾತಾ, ನಲ್ಲಿ ಸಂಪರ್ಕ, ಜೆಸ್ಕಾಂನ ಆರ್.ಆರ್. ನಂಬರು (ಕರೆಂಟ್ ಸಂಪರ್ಕದ ಸಂಖ್ಯೆ) ಮೂರನ್ನೂ ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ. ಹಳೇ ಕರೆಂಟ್ ಬಾಕಿ ಎಷ್ಟಿದೆ ಎಂಬುದನ್ನು ಮಾತ್ರ ಕೊನೆಯ ಚೆಕ್ ಕೊಡುವ ಮೊದಲೇ ನೋಡಿರಬೇಕು.