ಸೀಮಂತಕ್ಕೆ ಮೊದಲಿನ ಲೆಕ್ಕ

ಮುಂಬೈ ಬಳಿಯ ಡೊಂಬಿವಲಿಯ ನನ್ನ ಚಿಕಿತ್ಸಾಲಯಕ್ಕೆ ಬರುವ ಕನ್ನಡ, ತುಳು ಮನೆಗಳ ಚೊಚ್ಚಲ ಬಸುರಿಯರ ದಿನಚರಿ ಮೊದಲೇ ಸಿದ್ಧವಾಗಿರುತ್ತದೆ: ಏಳರಲ್ಲಿ ಸೀಮಂತ, ಆಮೇಲೆ ಮತ್ಸ್ಯಗಂಧ ರೈಲು, ತವರಿನಲ್ಲಿ ಹೆರಿಗೆ. ನನ್ನ ನಿದ್ದೆ ಕೆಡಿಸುತ್ತಿದ್ದುದು ಆ ರೈಲು. ಜನರು ‘ಬಸುರಿಯ ಬಿಪಿ’ ಎನ್ನುವ ಪ್ರಿ-ಎಕ್ಲಾಂಪ್ಸಿಯಾ ದಿನ ತುಂಬುವ ಮೊದಲೇ ಬರುವುದಾದರೆ ಹೆಚ್ಚಾಗಿ ಆ ತಿಂಗಳಿಂದಾಚೆಗೇ ಬರುತ್ತದೆ. ಯಾರನ್ನು ಊರಿಗೆ ಕಳುಹಿಸಬಹುದು, ಯಾರನ್ನು ಕಣ್ಣೆದುರೇ ಇಟ್ಟುಕೊಳ್ಳಬೇಕು ಎಂದು ಮೂರನೆಯ ತಿಂಗಳಲ್ಲೇ ಅಂದಾಜು ಮಾಡಲು ಈ ತಪಾಸಣೆ ಶುರುಮಾಡಿದೆ.

ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ತೊಂದರೆಯ ಸಾಧ್ಯತೆ ನೋಡುವ ಡಬಲ್ ಮಾರ್ಕರ್ ಪರೀಕ್ಷೆಗೆಂದು 11 ವಾರದಿಂದ 13 ವಾರ 6 ದಿನಗಳೊಳಗೆ ಹೇಗೂ ರಕ್ತ ತೆಗೆಯುತ್ತೇವೆ. ಅದಕ್ಕೆ ಬರಿಹೊಟ್ಟೆಯೂ ಬೇಕಿಲ್ಲ. ಅದರಲ್ಲೇ ಪಿಎಲ್‌ಜಿಎಫ್ ಎಂಬ ಪ್ರೋಟೀನನ್ನೂ ಅಳೆಯಲು ಬರೆಯುತ್ತೇನೆ. ಮಾಸು ಸರಿಯಾಗಿ ಬೇರೂರದಿದ್ದವರಲ್ಲಿ ಇದೂ ಪ್ಯಾಪ್-ಎ ಎಂಬ ಪ್ರೋಟೀನೂ ಕಡಿಮೆ ಇರುವುದು ಸಾಮಾನ್ಯ. ಗರ್ಭಕೋಶದ ರಕ್ತನಾಳಗಳ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ರಕ್ತದೊತ್ತಡ, ವಯಸ್ಸು, ತೂಕ, ತಾಯಿಗೂ ಹೀಗಾಗಿತ್ತೇ ಎಂಬ ವಿವರ ಎಲ್ಲ ಸೇರಿಸಿ ಕಂಪ್ಯೂಟರ್ ಒಂದು ಸಂಖ್ಯೆ ಕೊಡುತ್ತದೆ: ದಿನ ತುಂಬುವ ಮೊದಲೇ ಈ ಕಾಯಿಲೆ ಬರುವ ಸಾಧ್ಯತೆ ಎಷ್ಟರಲ್ಲಿ ಒಂದು ಎಂದು. ಸ್ಕ್ಯಾನ್ ಎಂದೊಡನೆ ‘ಗಂಡೋ ಹೆಣ್ಣೋ’ ಎಂದು ಪಿಸುಗುಟ್ಟುವ ಅತ್ತೆಯಂದಿರಿಗೆ ಗೋಡೆಯ ಮೇಲಿನ 1994ರ ಕಾನೂನಿನ ಫಲಕ ತೋರಿಸಿ ಸುಮ್ಮನಾಗುತ್ತೇನೆ.

ಮೊದಮೊದಲು ನನ್ನಲ್ಲಿ ಎಲ್ಲರ ಬಿಪಿಯೂ ಏರಿಯೇ ಇರುತ್ತಿತ್ತು. ಲೋಕಲ್ ಇಳಿದು, ಸ್ಟೇಷನ್ನಿನ ಸೇತುವೆ ದಾಟಿ, ನಮ್ಮ ಎರಡು ಮಹಡಿ ಹತ್ತಿ ಬಂದವರ ತೋಳಿಗೆ ನೇರವಾಗಿ ಪಟ್ಟಿ ಸುತ್ತಿದರೆ ಇನ್ನೇನಾದೀತು? ಈಗ ಐದು ನಿಮಿಷ ಕೂರಿಸಿ, ಪಾದ ನೆಲಕ್ಕೂರಿಸಿ, ಎರಡೂ ತೋಳಿನಲ್ಲಿ ಎರಡೆರಡು ಸಲ ಅಳೆಯುತ್ತೇವೆ.

ಇನ್ನೊಂದು ತಪ್ಪು ನನ್ನ ಕೈಬರಹದ್ದು. ಹೋಟೆಲಿನವರೊಬ್ಬರ ಸೊಸೆಯ ತೂಕ 78 ಕೆ.ಜಿ. ಪ್ರಯೋಗಾಲಯದವರು ಅದನ್ನು 58 ಎಂದು ಓದಿಕೊಂಡರು. ಮೈತೂಕ ಹೆಚ್ಚಿದ್ದರೆ ರಕ್ತದ ಪ್ರಮಾಣವೂ ಹೆಚ್ಚು, ಅದರಲ್ಲಿ ಪ್ರೋಟೀನ್ ತೆಳುವಾಗಿರುತ್ತದೆ. ಅದಕ್ಕೆ ಕಂಪ್ಯೂಟರ್ ತೂಕ ನೋಡಿಯೇ ‘ಇಷ್ಟಿರಬೇಕು’ ಎಂದು ನಿರ್ಧರಿಸುವುದು. 58ರ ಲೆಕ್ಕದಲ್ಲಿ ಆಕೆಯ ಪ್ಯಾಪ್-ಎ ತೀರಾ ಕಡಿಮೆ ಎಂದು ವರದಿ ಬಂತು. ಹುಡುಗಿ ಎರಡು ರಾತ್ರಿ ಅತ್ತಳು. ತೂಕ ತಿದ್ದಿದ ಮೇಲೆ ಪ್ಯಾಪ್-ಎ ಸಹಜ ಮಟ್ಟಕ್ಕೆ ಬಂತು. ಹೆಚ್ಚಿನ ತೂಕವೇ ಅಪಾಯವನ್ನು ತುಸು ಕೂಡಿಸಿದರೂ ಒಟ್ಟು ಲೆಕ್ಕ ನೂರರಲ್ಲಿ ಒಂದು ಎಂಬ ಅಪಾಯದ ಗೆರೆಯ ಈಚೆಗೇ ನಿಂತಿತು. ಅಂದಿನಿಂದ ತೂಕದ ಯಂತ್ರ ನನ್ನ ಮೇಜಿನ ಪಕ್ಕದಲ್ಲೇ ಇದೆ, ಅರ್ಜಿ ಟೈಪು ಮಾಡಿಯೇ ಹೋಗುತ್ತದೆ.

ನಿಜವಾಗಿ ಗೆರೆ ದಾಟಿದವಳು ಕುಂದಾಪುರದ ಕಡೆಯವಳು. ನಲವತ್ತರಲ್ಲಿ ಒಂದು. ‘ನಿನ್ನಂಥ ನಲವತ್ತು ಜನರಲ್ಲಿ ಮೂವತ್ತೊಂಬತ್ತು ಮಂದಿಗೆ ದಿನ ತುಂಬುವ ಮೊದಲು ಇದು ಬರುವುದಿಲ್ಲ’ ಎಂದರೂ ಮುಖ ಅರಳಲಿಲ್ಲ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲವೆಂದು ಕೇಳಿಕೊಂಡು ರಾತ್ರಿ 150 ಮಿ.ಗ್ರಾಂ. ಆಸ್ಪಿರಿನ್ ಕೊಟ್ಟೆ, 36 ವಾರದವರೆಗೆ.

‘ಅದು ಹಾರ್ಟಿನವರ ಮಾತ್ರೆಯಲ್ಲವೇ ಡಾಕ್ಟ್ರೇ?’ ಊರಿನಿಂದ ತಾಯಿಯ ಫೋನು.

2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನದಲ್ಲಿ, ಇಂಥದೇ ಲೆಕ್ಕದಿಂದ ಆರಿಸಿದ ಹೆಂಗಸರಲ್ಲಿ, ದಿನ ತುಂಬುವ ಮೊದಲು ಬರುವ ಈ ಕಾಯಿಲೆ ಇದೇ ಮಾತ್ರೆಯಿಂದ ಶೇ 4.3ರಿಂದ 1.6ಕ್ಕೆ ಇಳಿದಿತ್ತು. ಫೋನಿನಲ್ಲಿ ಶೇಕಡಾವಾರು ಹೇಳಿ ಗೆದ್ದವರಿಲ್ಲ. ‘ನೀವೇ ಇಲ್ಲಿಗೆ ಬನ್ನಿ’ ಎಂದೆ. ಬಾಣಂತನದ ಸಾಮಾನಿನ ಎರಡು ಚೀಲಗಳೊಂದಿಗೆ ಬಂದೇಬಿಟ್ಟರು. 38 ವಾರಕ್ಕೆ ಹೆರಿಗೆಯಾಯಿತು, ಬಿಪಿ ಏರಲೇ ಇಲ್ಲ. ಮಾತ್ರೆಯಿಂದಲೋ, ಅವಳು ಆ ಮೂವತ್ತೊಂಬತ್ತರಲ್ಲಿ ಒಬ್ಬಳಾಗಿದ್ದಳೋ, ಅದನ್ನು ನಾನೂ ಹೇಳಲಾರೆ.

ಅದೇ ವರ್ಷ, ಅಪಾಯ ಕಡಿಮೆ ಎಂದು ಬಂದವಳೊಬ್ಬಳನ್ನು ನಿಶ್ಚಿಂತೆಯಿಂದ ಉಡುಪಿಗೆ ಕಳುಹಿಸಿದ್ದೆ. 39ನೆಯ ವಾರದಲ್ಲಿ ಅವಳಿಗೇ ಬಿಪಿ ಏರಿತು. ದಿನ ತುಂಬಿದ ಮೇಲೆ ಬರುವುದನ್ನು ಹಿಡಿಯುವುದರಲ್ಲಿ ಈ ಪರೀಕ್ಷೆ ದುರ್ಬಲ; ನನಗೆ ಗೊತ್ತಿತ್ತು, ಅವಳಿಗೆ ಹೇಳಿರಲಿಲ್ಲ. ಪುಣ್ಯಕ್ಕೆ ತಲೆನೋವೆಂದು ತಾನಾಗಿಯೇ ಆಸ್ಪತ್ರೆಗೆ ಹೋದಳು, ತಾಯಿ ಮಗು ಇಬ್ಬರೂ ಕ್ಷೇಮ. ಈಗ ಸಂಖ್ಯೆ ಏನೇ ಬಂದಿರಲಿ, ತವರಿಗೆ ಹೊರಡುವವರ ಚೀಲದಲ್ಲಿ ಬಿಪಿ ಯಂತ್ರ ಇದೆಯೇ ಎಂದು ಕೇಳದೆ ಬಿಡುವುದಿಲ್ಲ.