ಮೇಜಿನ ಮೇಲಿನ ಕಾಗದ: ಮಿಂಗ್ ವಂಶವನ್ನು ಉಳಿಸಿ ನೋಡಿದ ನನ್ನ ಅನುಭವ

1644ರಲ್ಲಿ ಚೀನಾದ ಮಿಂಗ್ ರಾಜವಂಶ ಬೀಳದೇ ಇದ್ದಿದ್ದರೆ ಏನಾಗುತ್ತಿತ್ತು? ಇದನ್ನೇ ಇಟ್ಟುಕೊಂಡು ನಾನೊಂದು ನೀಳ್ಗತೆ ಬರೆದೆ. ಓದಿದ ಕೆಲವರು "ಇದನ್ನೆಲ್ಲ ಹೇಗೆ ಹೊಂದಿಸಿದ್ರಿ, ಸುಮ್ನೆ ಕಲ್ಪನೆ ಅಲ್ವಾ?" ಅಂತ ಕೇಳಿದರು. ಕಲ್ಪನೆಗಿಂತ ಲೆಕ್ಕಾಚಾರವೇ ಜಾಸ್ತಿ. ಹೊಟ್ಟೆಪಾಡಿಗೆ ನಾನು ನೋಡುವುದೂ ಜಮಾ-ಖರ್ಚೇ. ಕಥೆಗೂ ಅದೇ ಚಾಳಿ ಬಂತು ಅನ್ನಿ.

ನಿಜವಾಗಿ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ. 1627ರಲ್ಲಿ ಪಟ್ಟಕ್ಕೆ ಬಂದವನು ಚೊಂಗ್‌ಜೆನ್ ಚಕ್ರವರ್ತಿ. ಉತ್ತರದಲ್ಲಿ ಬರ, ಮಿಡತೆ. ಈಶಾನ್ಯ ಗಡಿಯಲ್ಲಿ ಮಂಚೂಗಳ ಜೊತೆ ಮುಗಿಯದ ಯುದ್ಧ. ಯುದ್ಧದ ಖರ್ಚಿಗೆ ರೈತರ ಮೇಲೆ ಕಂದಾಯದ ಮೇಲೆ ಕಂದಾಯ. ರೈತರು ದಂಗೆ ಎದ್ದರು. ಅವರಲ್ಲಿ ಮೇಲೆ ಬಂದವನು ಲಿ ಜಿಚೆಂಗ್. ಮೊದಲು ಸರ್ಕಾರಿ ಅಂಚೆ ಠಾಣೆಯಲ್ಲಿ ಕೆಲಸಕ್ಕಿದ್ದವನು. 1644ರ ಏಪ್ರಿಲ್‌ನಲ್ಲಿ ಅವನ ಸೈನ್ಯ ಬೀಜಿಂಗ್ ಹೊಕ್ಕಿತು. ಚಕ್ರವರ್ತಿ ಅರಮನೆಯ ಹಿಂದಿನ ಗುಡ್ಡದಲ್ಲಿ ನೇಣು ಹಾಕಿಕೊಂಡ. ಆದರೆ ಸುಮಾರು 40 ದಿನಕ್ಕೆ ಲಿಯೂ ಊರು ಬಿಟ್ಟು ಓಡಬೇಕಾಯಿತು. ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ ಅನ್ನುವ ಹಾಗೆ ಮಂಚೂಗಳು ಬಂದು ಕೂತರು. 1912ರ ತನಕ ಏಳಲಿಲ್ಲ.

ಈಗ ಇದನ್ನು ಎಲ್ಲಿ ತಿರುಗಿಸುವುದು?

ಎಲ್ಲರಿಗೂ ಮೊದಲು ಹೊಳೆಯುವುದು ಅಂಚೆ ಠಾಣೆ. 1629ರಲ್ಲಿ ಖರ್ಚು ಉಳಿಸಲು ಠಾಣೆಗಳನ್ನು ಕಡಿತ ಮಾಡಿದರು, ಲಿ ಜಿಚೆಂಗ್ ಕೆಲಸ ಕಳೆದುಕೊಂಡ. ಆ ಕಡಿತ ಮಾಡದಿದ್ದರೆ ಅವನು ಕುದುರೆಗೆ ಹುಲ್ಲು ಹಾಕಿಕೊಂಡೇ ಇರುತ್ತಿದ್ದ, ಸಾಮ್ರಾಜ್ಯ ಉಳಿಯುತ್ತಿತ್ತು ಅನ್ನುವ ವಾದ. ಕೇಳೋಕೆ ಚೆಂದ. ಆದರೆ ದಂಗೆ ಅವನಿಂದ ಶುರುವಾಗಿದ್ದಲ್ಲ. ಅವನು ಸೇರಿಕೊಂಡದ್ದು ಗಾವೊ ಯಿಂಗ್‌ಶಿಯಾಂಗ್ ಎಂಬವನ ದಂಡಿಗೆ. ಇನ್ನೊಂದು ಕಡೆ ಜಾಂಗ್ ಶಿಯಾನ್‌ಜಾಂಗ್ ತನ್ನದೇ ದಂಡು ಕಟ್ಟಿದ್ದ. ಹಸಿದವರಿಗೆ ನಾಯಕರ ಬರ ಇರಲಿಲ್ಲ.

ಇನ್ನೊಂದು ವು ಸಾನ್‌ಗುಯಿಯ ಕಥೆ. ಗಡಿಯ ಸೇನಾಪತಿ. ಬಂಡಾಯಗಾರರು ಅವನ ಪ್ರೇಯಸಿಯನ್ನು ಎಳೆದೊಯ್ದ ಸಿಟ್ಟಿಗೆ ಶಾನ್‌ಹೈಗುವಾನ್ ಕೋಟೆಬಾಗಿಲು ತೆರೆದು ಮಂಚೂಗಳನ್ನು ಒಳಗೆ ಬಿಟ್ಟ ಅಂತ ಪ್ರತೀತಿ. ಒಬ್ಬ ಹೆಂಗಸಿನ ತಲೆಗೆ ಸಾಮ್ರಾಜ್ಯದ ಪತನ ಕಟ್ಟುವ ಕಥೆಗಳು ಎಲ್ಲ ದೇಶದಲ್ಲೂ ಸಿಗುತ್ತವೆ, ನನಗೆ ಹಿಡಿಸುವುದಿಲ್ಲ. ಅದು ಹಾಗಿರಲಿ, ತಾರೀಖು ಜೋಡಿಸಿ ನೋಡಿದರೆ ಮಂಚೂ ಸೈನ್ಯ ದೋರ್ಗೊನ್‌ನ ಕೈಕೆಳಗೆ ತನ್ನ ರಾಜಧಾನಿಯಿಂದ ಹೊರಟದ್ದು ಮೇ 14ಕ್ಕೆ. ವು ಬರೆದ ಪತ್ರ ಅವನ ಕೈಗೆ ಸಿಕ್ಕಿದ್ದು ದಾರಿಯಲ್ಲಿ. ಕರೆಯದಿದ್ದರೂ ಬರುವವರೇ ಅವರು. ಶಾನ್‌ಹೈಗುವಾನ್ ಮುಚ್ಚಿದ್ದರೂ ಬರಲು ದಾರಿ ಇತ್ತು. 1629ರಲ್ಲೇ ಮಂಗೋಲರ ನಾಡು ಬಳಸಿ ಬೀಜಿಂಗ್ ಬಾಗಿಲ ತನಕ ಬಂದು ಹೋಗಿದ್ದರು.

ಹಾಗೆ ಹಿಂದೆ ಹಿಂದೆ ಹೋಗುತ್ತಾ 1642ಕ್ಕೆ ಬಂದು ನಿಂತೆ. ಆ ವರ್ಷ ಯುದ್ಧಮಂತ್ರಿ ಚೆನ್ ಶಿಂಜಿಯಾ, ಚಕ್ರವರ್ತಿಯ ಒಪ್ಪಿಗೆ ಪಡೆದೇ, ಮಂಚೂಗಳ ಜೊತೆ ಗುಟ್ಟಾಗಿ ಸಂಧಿಯ ಮಾತು ನಡೆಸಿದ್ದ. ಮಾ ಶಾವೊಯು ಅನ್ನುವ ದೂತ ಅಲ್ಲಿಗೆ ಹೋಗಿ ಗುಪ್ತ ವರದಿ ಕಳಿಸಿದ. ಚೆನ್ ಅದನ್ನು ಓದಿ ಮೇಜಿನ ಮೇಲೆ ಬಿಟ್ಟ. ಮನೆಯ ಆಳು ಅದನ್ನು ಮಾಮೂಲಿ ವರದಿ ಅಂದುಕೊಂಡು ನಕಲು ಮಾಡಿ ಹಂಚಲು ಕೊಟ್ಟುಬಿಟ್ಟ! ಊರಿಗೆಲ್ಲ ಗೊತ್ತಾಯಿತು. ಶತ್ರುವಿನ ಜೊತೆ ಸಂಧಿಯೇ ಅಂತ ಅಧಿಕಾರಿಗಳು ಮುಗಿಬಿದ್ದರು. ಚಕ್ರವರ್ತಿ ತನಗೇನೂ ಗೊತ್ತಿಲ್ಲ ಅನ್ನುವ ಹಾಗೆ ನಡೆದುಕೊಂಡ. ಚೆನ್ ತಲೆ ಹೋಯಿತು.

ಇದನ್ನು ಓದಿದಾಗ ನನ್ನ ಕಥೆ ಸಿಕ್ಕಿತು. ಯುದ್ಧ ಗೆಲ್ಲಿಸಬೇಕಾಗಿಲ್ಲ, ಯಾರನ್ನೂ ಜಾಣನನ್ನಾಗಿ ಮಾಡಬೇಕಾಗಿಲ್ಲ. ಆಳು ಒಳಗೆ ಬರುತ್ತಾನೆ, ಮೇಜಿನ ಮೇಲೆ ಬರೀ ದೀಪ ಇದೆ, ಹೊರಗೆ ಹೋಗುತ್ತಾನೆ. ಕಾಗದ ಚೆನ್‌ನ ಅಂಗಿಯ ತೋಳಿನೊಳಗಿದೆ. ಇಷ್ಟೇ ಬದಲಾವಣೆ. ಪರ್ಯಾಯ ಇತಿಹಾಸ ಬರೆಯುವವರಿಗೆ ನಾನು ಹೇಳುವುದು ಇಷ್ಟು: ಆಗಿನ ಜನ ಮಾಡಲು ಹೊರಟು ಕೈತಪ್ಪಿದ ಕೆಲಸವನ್ನು ಹುಡುಕಿ. ಅವರ ತಲೆಗೇ ಬಾರದಿದ್ದ ಉಪಾಯವನ್ನು ನೀವು ಕೊಟ್ಟರೆ ಅದು ನಿಮ್ಮ ಕಥೆ ಆಗುತ್ತದೆ, ಅವರದ್ದಲ್ಲ.

ಆಮೇಲೆ ಲೆಕ್ಕದ ಪುಸ್ತಕ ತೆಗೆದೆ. ಬೆಳ್ಳಿಯ ಅಳತೆ ಆಗ ಟೇಲ್, ಒಂದು ಟೇಲ್ ಅಂದರೆ ಸುಮಾರು 37 ಗ್ರಾಂ. ಸಂಧಿಗೆ ಮಂಚೂಗಳ ದೊರೆ ಹಾಂಗ್ ತೈಜಿ ಕೇಳಿದ್ದು ವರ್ಷಕ್ಕೆ 10 ಲಕ್ಷ ಟೇಲ್ ಬೆಳ್ಳಿ, 10 ಸಾವಿರ ಟೇಲ್ ಚಿನ್ನ. ಬದಲಿಗೆ ಜಿನ್ಸೆಂಗ್ ಬೇರು, ತುಪ್ಪಳದ ಚರ್ಮ ಕೊಡುವುದಾಗಿ ಹೇಳಿದ್ದ. ಈಶಾನ್ಯ ಗಡಿಯ ಹೆಸರಲ್ಲಿ ಎತ್ತುತ್ತಿದ್ದ ಹೆಚ್ಚುವರಿ ಕಂದಾಯ 1620ರ ಹೊತ್ತಿಗೇ 52 ಲಕ್ಷ ಟೇಲ್ ಆಗಿತ್ತು. ಹಾಗಾದರೆ ಸಂಧಿಯೇ ಅಗ್ಗ. ಕಂದಾಯ ಇಳಿಸಬಹುದು, ರೈತರು ಮನೆಗೆ ಹೋಗುತ್ತಾರೆ, ಶುಭಂ!

ಆದರೆ ಲೆಕ್ಕ ಅಲ್ಲಿಗೆ ಮುಗಿಯಲ್ಲ. ಸೈನಿಕರ ಸಂಬಳ ಬಾಕಿ ಬಿದ್ದಿತ್ತು. ಯುದ್ಧ ನಿಂತರೂ ಹಳೆ ಬಾಕಿ ತೀರಿಸಲು ಅದೇ ಕಂದಾಯ ಬೇಕು. ಹಾಗಾಗಿ ಕಥೆಯಲ್ಲಿ ಸಂಧಿ ಆಗುತ್ತದೆ, ಕಂದಾಯ ಮಾತ್ರ ಇಳಿಯುವುದಿಲ್ಲ.

ಇನ್ನೊಂದು ಕಟ್ಟುಪಾಡು ಹಾಕಿಕೊಂಡೆ: ಮಳೆ ಮುಟ್ಟಬಾರದು. ಬರ, ಮಿಡತೆ, ಬೀಜಿಂಗ್‌ಗೆ ಬಂದ ಸಾಂಕ್ರಾಮಿಕ, 1642ರಲ್ಲಿ ಹಳದಿ ನದಿಯ ಒಡ್ಡು ಒಡೆದು ಕೈಫೆಂಗ್ ಮುಳುಗಿದ್ದು, ಎಲ್ಲ ಇದ್ದ ಹಾಗೇ ಇರಬೇಕು. ಕಾಗದ ಎತ್ತಿಟ್ಟ ಮಾತ್ರಕ್ಕೆ ಮೋಡ ಕಟ್ಟಲ್ಲ.

ಅರಮನೆಯ ಕಣ್ಣಿಂದ ಕಥೆ ಹೇಳಲು ಮನಸ್ಸಾಗಲಿಲ್ಲ. ಹೆನಾನ್ ಸೀಮೆಯ ಒಬ್ಬ ರೈತ ಹೆಂಗಸನ್ನು ತಂದೆ. ಊರಲ್ಲಿ ಎಲ್ಲರೂ ಅವಳನ್ನು "ಮೂರನೇ ಅಕ್ಕ" ಅಂತ ಕರೆಯುತ್ತಾರೆ. ಅವಳ ಅಧ್ಯಾಯ ಶುರುವಾಗುವುದು ಪಕ್ಕದ ಮನೆಯವರು ರಾತ್ರೋರಾತ್ರಿ ಊರು ಬಿಟ್ಟ ಮರುದಿನ. ಬೆಳಿಗ್ಗೆ ಕಂದಾಯದವನು ಬರುತ್ತಾನೆ. ಪಕ್ಕದ ಮನೆ ಬಾಗಿಲು ತಳ್ಳಿ ನೋಡುತ್ತಾನೆ, ಬಾಣಲೆ ಕೂಡ ಇಲ್ಲ. ಸೀದಾ ಇವಳ ಅಂಗಳಕ್ಕೆ ಬಂದು ಅವರ ಪಾಲನ್ನೂ ಇವಳ ಹೆಸರಿಗೆ ಬರೆಯುತ್ತಾನೆ. ಇದು ನಾನು ಕಟ್ಟಿದ್ದಲ್ಲ, ಓಡಿಹೋದವರ ಬಾಕಿಯನ್ನು ಉಳಿದವರ ಮೇಲೆ ಹೇರುವುದು ಆಗ ನಡೆಯುತ್ತಿದ್ದದ್ದೇ. ಇಬ್ಬರು ಓಡಿದರೆ ಮೂರನೆಯವನಿಗೆ ಇನ್ನೂ ಭಾರ, ಅವನೂ ಓಡುತ್ತಾನೆ. ಅದೂ ಬೆಳ್ಳಿಯಲ್ಲೇ ಕೊಡಬೇಕು. ಬೆಳ್ಳಿಗೆ ಧಾನ್ಯ ಮಾರಬೇಕು. ಧಾನ್ಯ ಎಲ್ಲಿದೆ? ಮನೆಯಲ್ಲಿರುವುದು ಮರದ ತೊಗಟೆಯ ಹಿಟ್ಟು.

1641ರಲ್ಲಿ ಲಿ ಜಿಚೆಂಗ್ ಲುವೊಯಾಂಗ್ ಹಿಡಿದು ಚಕ್ರವರ್ತಿಯ ಚಿಕ್ಕಪ್ಪನನ್ನೇ ಕೊಂದು, ಅವನ ಉಗ್ರಾಣದ ಧಾನ್ಯ ಹಂಚಿದ. ಮೂರನೇ ಅಕ್ಕ ಆ ಸಾಲಿನಲ್ಲಿ ಚೀಲ ಹಿಡಿದು ನಿಂತಿದ್ದಾಳೆ. ಅಲ್ಲಿಂದ ಅವಳು ದಂಡಿನ ಜೊತೆ. ಕಥೆ ಮುಗಿಯುವ ತನಕ ಚೆನ್ ಶಿಂಜಿಯಾ ಅನ್ನುವ ಹೆಸರೇ ಅವಳ ಕಿವಿಗೆ ಬೀಳುವುದಿಲ್ಲ. ಬೇಕೆಂದೇ ಹಾಗೆ ಮಾಡಿದೆ.

ಮುಂದಿನದು ಸಲೀಸಾಯಿತು. ನಿಜದಲ್ಲಿ ವು ಸಾನ್‌ಗುಯಿಯ ಸೈನ್ಯವನ್ನು ಕರೆಸಿಕೊಂಡರೆ ಗಡಿಭೂಮಿ ಬಿಟ್ಟಂತಾಗುತ್ತದೆ ಅಂತ ಆಸ್ಥಾನ ಮೀನಮೇಷ ಎಣಿಸಿತು. ಬೀಜಿಂಗ್ ಬಿದ್ದಾಗ ಅವನಿನ್ನೂ ದಾರಿಯಲ್ಲಿದ್ದ. ಸಂಧಿ ಆಗಿದ್ದರೆ ಆ ಚರ್ಚೆಯೇ ಇಲ್ಲ, ಮೊದಲೇ ಬಂದಿರುತ್ತಾನೆ. 1643ರ ಸೆಪ್ಟೆಂಬರ್‌ನಲ್ಲಿ ಹಾಂಗ್ ತೈಜಿ ತೀರಿಕೊಂಡ, ಪಟ್ಟಕ್ಕೆ ಬಂದದ್ದು ಚಿಕ್ಕ ಹುಡುಗ. ಅಧಿಕಾರ ಹಿಡಿದ ದೋರ್ಗೊನ್‌ಗೆ ಮನೆಯೊಳಗೇ ವಿರೋಧಿಗಳಿದ್ದರು. ಬರುವ ಬೆಳ್ಳಿ ಬರಲಿ ಅಂತ ಅವನು ಒಂದೆರಡು ವರ್ಷ ಸುಮ್ಮನಿರುತ್ತಾನೆ ಅಂತ ಬರೆದೆ. ಇದನ್ನು ಒಪ್ಪದವರೂ ಇದ್ದಾರೆ, ಇರಲಿ.

ಬೀಜಿಂಗ್‌ಗೆ ಬಂದ ಸೈನ್ಯಕ್ಕೆ ಸಂಬಳ ಯಾರು ಕೊಡುವುದು? ಚಕ್ರವರ್ತಿ ಸಿರಿವಂತರ ಮುಂದೆ ಕೈಚಾಚಿದಾಗ ಸ್ವಂತ ಮಾವ ಜೌ ಕುಯಿ ಕೊಟ್ಟದ್ದು 10 ಸಾವಿರ ಟೇಲ್ ಅಂತೆ. ಆಮೇಲೆ ಬಂಡಾಯಗಾರರು ಹಿಂಸೆ ಕೊಟ್ಟು ಅದೇ ಮನೆಯಿಂದ ಲಕ್ಷಗಟ್ಟಲೆ ಕಕ್ಕಿಸಿದರು. ಮಾವನ ಕೈ ನಾನು ದೊಡ್ಡದು ಮಾಡಲಿಲ್ಲ. ಆದ್ದರಿಂದ ವು ಬಂದರೂ ಅವನ ಸೈನಿಕರು ಹೊರಗೆ ಹೋಗಿ ಹೋರಾಡಲು ತಯಾರಿಲ್ಲ, ಲಿಗೆ ಗೋಡೆ ಏರಲು ಆಗುವುದಿಲ್ಲ. ಮಾತುಕತೆಗೆ ಕೂರಲೇಬೇಕು. ನಿಜದಲ್ಲೂ ಮುತ್ತಿಗೆಯ ಕೊನೆಗೆ ಲಿ ಕಡೆಯಿಂದ ಒಂದು ಮಾತು ಬಂದಿತ್ತು ಅಂತ ಕೆಲವು ದಾಖಲೆಗಳು ಹೇಳುತ್ತವೆ: ವಾಯವ್ಯ ಸೀಮೆ ನನಗೆ ಬಿಡಿ, ರಾಜ ಅಂತ ಒಪ್ಪಿಕೊಳ್ಳಿ, ಮಂಚೂಗಳ ವಿರುದ್ಧ ನಿಮ್ಮ ಪರ ನಿಲ್ಲುತ್ತೇನೆ. ಚಕ್ರವರ್ತಿ ಮಂತ್ರಿಯ ಮುಖ ನೋಡಿದ, ಮಂತ್ರಿ ತಲೆ ತಗ್ಗಿಸಿ ನಿಂತ. ಚೆನ್‌ಗೆ ಆದ ಗತಿ ಕಂಡವನು ಬಾಯಿ ಬಿಡುತ್ತಾನಾ? ನನ್ನ ಕಥೆಯಲ್ಲಿ ಚೆನ್ ಬದುಕಿದ್ದಾನಲ್ಲ, ಅವನೇ "ಒಪ್ಪಿಕೊಳ್ಳಿ ಪ್ರಭು" ಅನ್ನುತ್ತಾನೆ.

ಕಡೆಗೆ 1645. ಮೂರನೇ ಅಕ್ಕ ಊರಿಗೆ ವಾಪಸ್ಸು. ಹೆನಾನ್ ಯಾರ ಪಾಲು ಅನ್ನುವುದು ಸಂಧಿಪತ್ರದಲ್ಲಿ ಸ್ಪಷ್ಟ ಇಲ್ಲ. ಮಿಂಗರ ಕಂದಾಯದವನೂ ಬರುತ್ತಾನೆ, "ಕಂದಾಯ ಇಲ್ಲ" ಅಂದಿದ್ದ ಲಿ ಕಡೆಯವನೂ ಬರುತ್ತಾನೆ. ಓದಿದ ಗೆಳತಿಗೆ ಸಿಟ್ಟು ಬಂತು. "ಇಷ್ಟೆಲ್ಲ ಮಾಡಿ ಅವಳಿಗೆ ಎರಡು ಕಂದಾಯ ಹಾಕ್ಸಿದ್ಯಲ್ಲೇ!" ಅಂದಳು. ಲಿ ಸೈನ್ಯಕ್ಕೂ ಸಂಬಳ ಬೇಕಲ್ಲ ಅಂದೆ. ಸಿಚುವಾನ್ ಕಡೆ ಹೋದ ಜಾಂಗ್ ಶಿಯಾನ್‌ಜಾಂಗ್ ಏನಾದ ಅಂತ ಕೇಳುವವರಿಗೆ: ಅವನನ್ನು ಮುಟ್ಟಿಲ್ಲ. ಅವನಿಗೆ ಬೇರೆಯೇ ಲೆಕ್ಕದ ಪುಸ್ತಕ ಬೇಕು.