ಜಡಿಮಳೆಯಲ್ಲಿ ಡರ್ಟ್ ಟ್ರ್ಯಾಕ್ ರೇಸ್: ಗಾಡಿ ಸಿದ್ಧಪಡಿಸುವುದು, ಓಡಿಸುವುದು, ತೊಳೆಯುವುದು

ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಇಂಥ ದಿನ ಬೈಕುಗಳ ಡರ್ಟ್ ಟ್ರ್ಯಾಕ್ (ಮಣ್ಣಿನ ಟ್ರ್ಯಾಕ್) ರೇಸ್ ನಡೆದರೆ ಎಷ್ಟೋ ಗಾಡಿಗಳು ಕೊನೆಯ ಸುತ್ತು ಮುಟ್ಟುವುದಿಲ್ಲ. ನಿಂತುಹೋಗಲು ಬೀಳುವುದೊಂದೇ ಕಾರಣವಲ್ಲ. ಚೈನ್ ಬಿಗಿದು ತುಂಡಾಗುತ್ತದೆ, ಇಂಜಿನ್ ಕಾದು ಹಿಡಿಯುತ್ತದೆ, ಪೈಪಿಗೆ ಕೆಸರು ತುಂಬಿ ಪೆಟ್ರೋಲ್ ಹರಿಯುವುದಿಲ್ಲ, ಮಡ್‌ಗಾರ್ಡಿನೊಳಗೆ ಮಣ್ಣು ಕಚ್ಚಿ ಚಕ್ರವೇ ತಿರುಗುವುದಿಲ್ಲ. ಇವೆಲ್ಲ ಹಿಂದಿನ ರಾತ್ರಿ ಗ್ಯಾರೇಜಿನಲ್ಲೇ ತಡೆಯಬಹುದಾದ ತೊಂದರೆಗಳು.

ಡಾಂಬರು ಟ್ರ್ಯಾಕಿನ ರೇಸಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ವಿಶ್ವ ಮಟ್ಟದ ಬೈಕ್ ರೇಸ್ ಸರಣಿ ಮೋಟೋಜಿಪಿಯಲ್ಲಿ ಮಳೆ ಬಂದರೆ ಸವಾರ ಪಿಟ್‌ಗೆ ಹೋಗಿ ಮಳೆ ಟಯರ್ ಹಾಕಿದ ಇನ್ನೊಂದು ಬೈಕ್ ಹತ್ತಿ ಬರಬಹುದು. 2006ರ ಆಸ್ಟ್ರೇಲಿಯಾ ರೇಸಿನಲ್ಲಿ ಮೊದಲ ಸಲ ಹಾಗೆ ಬೈಕ್ ಬದಲಿಸಿ ಓಡಿಸಿದರು. ಮಣ್ಣಿನ ಟ್ರ್ಯಾಕಿನಲ್ಲಿ ಆ ಅನುಕೂಲ ಇಲ್ಲ. ಹೊರಟ ಗಾಡಿಯಲ್ಲೇ ಮುಗಿಸಬೇಕು.

ಮೊದಲು ಮಣ್ಣು ನೋಡಿ

ಟ್ರ್ಯಾಕನ್ನು ನಡೆದೇ ನೋಡಬೇಕು. ಇಂಬಳಕ್ಕೆ ಹೆದರಿ ಗೇಟಿನಲ್ಲೇ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಕಾಲುಚೀಲಕ್ಕೆ ಉಪ್ಪು ಸವರಿಕೊಂಡು ಹೋಗಿ. ನಮ್ಮ ಕಡೆ ಒಂದೇ ಟ್ರ್ಯಾಕಿನಲ್ಲಿ ಎರಡು ಮೂರು ತರಹದ ಮಣ್ಣು ಸಿಗುತ್ತದೆ. ಗುಡ್ಡದ ಬದಿಯಲ್ಲಿ ಜಂಬಿಟ್ಟಿಗೆ ಹರಳು, ನಡುವೆ ಕೆಮ್ಮಣ್ಣು, ತಗ್ಗಿನಲ್ಲಿ ಗದ್ದೆಯ ಜೇಡಿ. ಪ್ರತಿ ತಿರುವಿನಲ್ಲೂ ಒಂದು ಹಿಡಿ ಮಣ್ಣು ತೆಗೆದು ಹಿಂಡಿ ನೋಡಿ. ನೀರು ಬೆರಳ ಸಂದಿಯಿಂದ ಇಳಿದು ಕೈಯಲ್ಲಿ ಹರಳು ಉಳಿದರೆ ಅಲ್ಲಿ ಟಯರಿಗೆ ಹಿಡಿತ ಸಿಗುತ್ತದೆ. ಉಂಡೆಯಾಗಿ ಅಂಗೈಗೆ ಅಂಟಿಕೊಂಡರೆ ಅದೇ ಮಣ್ಣು ಗಾಡಿಗೂ ಅಂಟುತ್ತದೆ.

ಹೊಸಬರಿಗೆ ಗೊತ್ತಿರದ ವಿಷಯ ಒಂದಿದೆ. ಧೋ ಎಂದು ಸುರಿಯುವ ಮಳೆಗಿಂತ ಮಳೆ ಬಿಟ್ಟ ಮೇಲಿನ ಮುಕ್ಕಾಲು ಗಂಟೆ ಗಾಡಿಗೆ ಹೆಚ್ಚು ಕಷ್ಟ. ಸುರಿಯುವಾಗ ಕೆಸರು ಅಂಬಲಿಯ ಹಾಗೆ ತೆಳ್ಳಗಿದ್ದು ಜಾರಿಹೋಗುತ್ತದೆ. ಮಳೆ ಹೊಳವಾಗಿ ನೀರು ಇಂಗಿದಾಗ ಅದು ಹೋಳಿಗೆಯ ಕಣಕದ ಹದಕ್ಕೆ ಬರುತ್ತದೆ. ಆಗ 150 ಕೆಜಿ ಆಸುಪಾಸಿನ ಗಾಡಿ ಕೆಲವೇ ಸುತ್ತಿನಲ್ಲಿ ಹತ್ತು ಹದಿನೈದು ಕೆಜಿ ಮಣ್ಣು ಹೊತ್ತುಕೊಳ್ಳುತ್ತದೆ. ಆದ್ದರಿಂದ ಮೋಡ ತೆಳುವಾಯಿತು ಅಂತ ಸಿದ್ಧತೆ ಕಡಿಮೆ ಮಾಡಬೇಡಿ.

ಮಣ್ಣು ಅಂಟದ ಹಾಗೆ

ರಸ್ತೆ ಗಾಡಿಯ ಮುಂದಿನ ಮಡ್‌ಗಾರ್ಡ್ ಟಯರಿಗೆ ಹತ್ತಿರ ಕೂತಿರುತ್ತದೆ. ಅದನ್ನು ಬಿಚ್ಚಿ, ಹ್ಯಾಂಡಲಿನ ಕೆಳಗಿನ ಕ್ಲ್ಯಾಂಪಿಗೆ ಎತ್ತರದ ಪ್ಲಾಸ್ಟಿಕ್ ಮಡ್‌ಗಾರ್ಡ್ ಹಾಕಿಸಿ. ಫೋರ್ಕ್ ಪೂರ್ತಿ ಒತ್ತಿದಾಗಲೂ ಟಯರಿಗೂ ಅದಕ್ಕೂ ನಡುವೆ ನಾಲ್ಕು ಬೆರಳು ಜಾಗ ಉಳಿಯಬೇಕು. ಹಿಂದೆ ಸೀರೆ ಗಾರ್ಡ್, ಸ್ಟ್ಯಾಂಡ್, ನಂಬರ್ ಪ್ಲೇಟಿನ ಬ್ರಾಕೆಟ್, ಹೀಗೆ ಮಣ್ಣು ಕೂರಲು ಮೂಲೆ ಕೊಡುವ ಎಲ್ಲವನ್ನೂ ತೆಗೆಯಿರಿ.

ಮಡ್‌ಗಾರ್ಡಿನ ಒಳಮೈ, ಇಂಜಿನ್ನಿನ ತಳ, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು), ಇವಕ್ಕೆಲ್ಲ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಒಣಗಿದ ಮೈಮೇಲೆ ಎರಡು ಕೋಟ್ ಹಾಕಿ, ಮೊದಲನೆಯದು ಆರಿದ ಮೇಲೆ ಎರಡನೆಯದು. ಸ್ಪ್ರೇ ಇಲ್ಲದಿದ್ದರೆ ಅಡುಗೆ ಎಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಒರೆಸಿದರೂ ಒಂದು ಹೀಟ್ (ರೇಸಿನ ಒಂದು ಓಟ) ಮಟ್ಟಿಗೆ ಕೆಲಸ ಆಗುತ್ತದೆ. ಹೊಡೆಯುವ ಮುಂಚೆ ಡಿಸ್ಕ್, ಕ್ಯಾಲಿಪರ್, ಟಯರ್, ಫುಟ್‌ರೆಸ್ಟ್, ಲಿವರ್ ಇವುಗಳಿಗೆ ಪ್ಲಾಸ್ಟಿಕ್ ಸುತ್ತಿಡಿ. ಡಿಸ್ಕಿಗೆ ಒಂದು ಹನಿ ತಾಗಿದರೂ ಮೊದಲ ತಿರುವಿನಲ್ಲಿ ಬ್ರೇಕ್ ಇರುವುದಿಲ್ಲ.

ಇಂಜಿನ್ ಗಾರ್ಡ್ ಮತ್ತು ಇಂಜಿನ್ ನಡುವಿನ ಸಂದಿ, ಮುಂದಿನ ಸ್ಪ್ರಾಕೆಟ್ಟಿನ ಅಕ್ಕಪಕ್ಕದ ಖಾಲಿ ಜಾಗ, ಫುಟ್‌ರೆಸ್ಟಿನ ಹಿಂದಿನ ಮೂಲೆ ಇವಕ್ಕೆ ಫೋಮ್ ತುರುಕಬೇಕು. ಜಾಗ ಮೊದಲೇ ತುಂಬಿದ್ದರೆ ಮಣ್ಣಿಗೆ ಕೂರಲು ಎಡೆ ಇರುವುದಿಲ್ಲ. ಆದರೆ ಹಾಸಿಗೆಯ ಸ್ಪಂಜು ಬೇಡವೇ ಬೇಡ. ಅದು ನೀರು ಕುಡಿದು ಭಾರವಾಗುತ್ತದೆ. ನೀರು ಹೀರದ ಫೋಮ್ ಬೇಕು. ಹಳೆಯ ಯೋಗ ಮ್ಯಾಟ್ ಕತ್ತರಿಸಿದರೆ ಸಾಕು. ಸೈಲೆನ್ಸರ್ ಬೆಂಡಿನಿಂದ ಒಂದು ಗೇಣು ದೂರ ಇಡಿ, ಚೈನಿಗೆ ತಾಗದ ಹಾಗೆ ಪ್ಲಾಸ್ಟಿಕ್ ಟೈ ಹಾಕಿ ಬಿಗಿಯಿರಿ. ಗಾಳಿ ತಂಪಿನ ಇಂಜಿನ್ನಿನ ಫಿನ್‌ಗಳ ಹತ್ತಿರ ಮಾತ್ರ ಏನನ್ನೂ ತುರುಕಬಾರದು, ಅಲ್ಲಿ ಗಾಳಿ ಆಡಬೇಕು.

ಉಸಿರಾಡುವ ಪೈಪುಗಳು

ಕಾರ್ಬುರೇಟರ್ ಗಾಡಿ ಕೆಸರಿನಲ್ಲಿ ನಿಂತರೆ ಎಲ್ಲರೂ ಮೊದಲು ಪ್ಲಗ್ ಬಿಚ್ಚುತ್ತಾರೆ. ತೊಂದರೆ ಸಾಮಾನ್ಯವಾಗಿ ಕಾರ್ಬುರೇಟರಿನಿಂದ ಕೆಳಗೆ ಇಳಿಬಿದ್ದಿರುವ ಸಣ್ಣ ಗಾಳಿ ಪೈಪುಗಳಲ್ಲಿ ಇರುತ್ತದೆ. ಪೆಟ್ರೋಲ್ ಕಾರ್ಬುರೇಟರಿನ ಬಟ್ಟಲಿಗೆ ಇಳಿಯಬೇಕಾದರೆ ಬಟ್ಟಲಿನ ಗಾಳಿ ಹೊರಗೆ ಹೋಗಬೇಕು. ಪೈಪಿನ ತುದಿಗೆ ಕೆಸರು ಮೆತ್ತಿಕೊಂಡರೆ ಗಾಳಿ ಹೋಗುವುದಿಲ್ಲ, ಪೆಟ್ರೋಲ್ ಇಳಿಯುವುದಿಲ್ಲ. ಗಾಡಿ ಅರ್ಧ ಸುತ್ತು ಚೆನ್ನಾಗಿ ಓಡಿ, ಥ್ರಾಟಲ್ ಕೊಟ್ಟಷ್ಟೂ ಸುಸ್ತಾಗಿ ನಿಲ್ಲುತ್ತದೆ. ಎರಡು ನಿಮಿಷ ಬಿಟ್ಟು ಕಿಕ್ ಹೊಡೆದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಈ ಲಕ್ಷಣ ಕಂಡರೆ ಪ್ಲಗ್ ಮುಟ್ಟಬೇಡಿ, ಪೈಪ್ ನೋಡಿ.

ಪರಿಹಾರ ಹೀಗಿದೆ. ಪ್ರತಿ ಗಾಳಿ ಪೈಪನ್ನು ಕಾರ್ಬುರೇಟರಿನಿಂದ ಎರಡು ಇಂಚು ಬಿಟ್ಟು ಕತ್ತರಿಸಿ ಅಲ್ಲಿ ಟಿ-ಜಾಯಿಂಟ್ ಹಾಕಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಟಿ ಹೆಚ್ಚಿನ ಪೈಪಿಗೆ ಕೂರುತ್ತದೆ. ಕೆಳಗಿನ ತುದಿ ಮೊದಲಿನ ಹಾಗೇ ಇಳಿಯಲಿ. ಮೇಲಿನ ತುದಿಗೆ ಒಂದೂವರೆ ಅಡಿ ಹೊಸ ಪೈಪ್ ಹಾಕಿ ಟ್ಯಾಂಕಿನ ಕೆಳಗೆ ಫ್ರೇಮಿಗೆ ಕಟ್ಟಿ. ಈಗ ಕೆಳಗೆ ಕಟ್ಟಿಕೊಂಡರೂ ಮೇಲಿನಿಂದ ಗಾಳಿ ಆಡುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿ ಪೈಪನ್ನೂ ಹೀಗೇ ಎತ್ತರಕ್ಕೆ ಒಯ್ದು ಮುಂದಿನ ನಂಬರ್ ಪ್ಲೇಟಿನ ಹಿಂದೆ ಸಿಕ್ಕಿಸಿ.

ಏರ್ ಫಿಲ್ಟರ್ ಫೋಮಿನದೇ ಇರಲಿ. ಕಾಗದದ ಫಿಲ್ಟರ್ ನೆನೆದರೆ ಗಾಳಿಯೇ ಹೋಗುವುದಿಲ್ಲ. ತೊಳೆದು ಒಣಗಿಸಿದ ಫೋಮಿಗೆ ಫಿಲ್ಟರ್ ಆಯಿಲ್ ಹಾಕಿ, ತಿರುಚದೆ ಮೆಲ್ಲಗೆ ಹಿಂಡಿ. ಕೂರುವ ಅಂಚಿಗೆ ಸುತ್ತಲೂ ಗ್ರೀಸ್ ಹಚ್ಚಿ. ಏರ್ ಬಾಕ್ಸಿನ ಮುಚ್ಚಳದ ಸಂದಿಗೆ ಟೇಪ್ ಹಾಕಿ, ಆದರೆ ಗಾಳಿ ಒಳಗೆ ಹೋಗುವ ಬಾಯಿಯನ್ನು ಮುಚ್ಚಬೇಡಿ. ತಳದ ನೀರಿಳಿಯುವ ತೂತು ಕಟ್ಟಿಕೊಂಡಿಲ್ಲ ಅಂತ ಖಚಿತ ಮಾಡಿಕೊಳ್ಳಿ.

ಪ್ಲಗ್ ಕ್ಯಾಪಿನೊಳಗೆ, ಎಫ್‌ಐ (ಕಾರ್ಬುರೇಟರ್ ಇಲ್ಲದ, ಫ್ಯುಯಲ್ ಇಂಜೆಕ್ಷನ್) ಗಾಡಿಯ ಎಲ್ಲ ವೈರ್ ಕನೆಕ್ಟರುಗಳಲ್ಲಿ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಯದ, ನೀರು ತಡೆಯುವ ಗ್ರೀಸ್) ತುಂಬಿ. ಪಾಯಿಂಟ್ (ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚು) ಇರುವ ಹಳೆಯ ಟೂ-ಸ್ಟ್ರೋಕ್ ಗಾಡಿಯಾದರೆ ಮ್ಯಾಗ್ನೆಟ್ ಕವರಿನ ಗ್ಯಾಸ್ಕೆಟ್ ಹೊಸದು ಹಾಕಿ, ಅಂಚಿಗೆ ಸೀಲೆಂಟ್ ಬಳಿಯಿರಿ. ಕೆಸರಿನಲ್ಲಿ ಇಂಜಿನ್ ಮೇಲೆ ಭಾರ ಹೆಚ್ಚು, ತಂಪು ಕಡಿಮೆ. ಟೂ-ಸ್ಟ್ರೋಕಿಗೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದರೆ ಪಿಸ್ಟನ್ ಹಿಡಿಯುವ ಭಯ ಕಡಿಮೆ.

ಚೈನ್, ಟಯರ್, ಬ್ರೇಕ್

ಮಳೆಗಾಲದಲ್ಲಿ ಚೈನ್ ಬಿಗಿಯಾಗಿ ಇಡುವುದು ದೊಡ್ಡ ತಪ್ಪು. ಸ್ಪ್ರಾಕೆಟ್ಟಿನ ಹಲ್ಲುಗಳ ನಡುವೆ ಮಣ್ಣು ತುಂಬಿದಾಗ ಸ್ಪ್ರಾಕೆಟ್ ದಪ್ಪವಾದಂತೆ ಆಗಿ ಚೈನ್ ತಾನಾಗಿ ಬಿಗಿಯುತ್ತದೆ. ಕಂಪನಿ ಹೇಳಿದ ಸಡಿಲಕ್ಕಿಂತ 10 ಮಿಲಿಮೀಟರ್ ಹೆಚ್ಚು ಬಿಡಿ. ಲೂಬ್ ತೆಳ್ಳಗಿರಲಿ, ಅಂಟು ಲೂಬ್ ಹರಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಂದಿನ ಸ್ಪ್ರಾಕೆಟ್ ಎರಡು ಹಲ್ಲು ದೊಡ್ಡದಾದರೆ ಎರಡನೇ ಗೇರಿನಲ್ಲಿ ಕ್ಲಚ್ ಹಿಡಿಯದೆ ಕೆಸರು ದಾಟಬಹುದು. ನಿಮ್ಮ ಕ್ಲಾಸಿನಲ್ಲಿ ಸ್ಪ್ರಾಕೆಟ್, ಜೆಟ್ ಬದಲಿಸಲು ಅವಕಾಶ ಇದೆಯೇ ಅಂತ ರೇಸಿನ ನಿಯಮ ಪತ್ರದಲ್ಲಿ ಓದಿ. ದೇಶದ ಮೋಟಾರ್ ಕ್ರೀಡೆಗಳ ಒಕ್ಕೂಟ ಎಫ್‌ಎಂಎಸ್‌ಸಿಐ ಅನುಮತಿಯ ರೇಸುಗಳಲ್ಲಿ ಅದು ಕ್ಲಾಸಿನಿಂದ ಕ್ಲಾಸಿಗೆ ಬೇರೆ.

ಟಯರಿನ ಗುಬುಟುಗಳು ಎತ್ತರವಾಗಿ, ದೂರದೂರ ಇರಬೇಕು. ಒತ್ತೊತ್ತಾಗಿ ಇದ್ದರೆ ಒಂದೇ ಸುತ್ತಿನಲ್ಲಿ ಮಣ್ಣು ತುಂಬಿ ಟಯರ್ ಬೋಳಾಗುತ್ತದೆ. ರಿಮ್ ಲಾಕ್ (ಟಯರನ್ನು ರಿಮ್ಮಿಗೆ ಒತ್ತಿ ಹಿಡಿಯುವ ಕ್ಲ್ಯಾಂಪ್) ಇದ್ದರೆ ಗಾಳಿ 10ರಿಂದ 12 ಪಿಎಸ್‌ಐ. ಇಲ್ಲದಿದ್ದರೆ 14ಕ್ಕಿಂತ ಕೆಳಗೆ ಇಳಿಸಬೇಡಿ, ರಿಮ್ಮಿನ ಮೇಲೆ ಟಯರ್ ಜಾರಿ ಟ್ಯೂಬಿನ ವಾಲ್ವ್ ಹರಿಯುತ್ತದೆ. ಮಣ್ಣಿನ ಭಾರಕ್ಕೆ ಸಸ್ಪೆನ್ಷನ್ ಕುಸಿಯುವುದರಿಂದ ಹಿಂದಿನ ಶಾಕಿನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ) ಒಂದು ಮೆಟ್ಟಿಲು ಏರಿಸಿ.

ಬ್ರೇಕ್ ಪ್ಯಾಡ್ ಅರ್ಧ ಸವೆದಿದ್ದರೂ ಹೊಸದು ಹಾಕಿ. ಕೆಮ್ಮಣ್ಣಿನ ನೀರು ಮರಳು ಕಾಗದದ ಹಾಗೆ ತಿಕ್ಕುತ್ತದೆ. ಲೋಹದ ಪುಡಿ ಒತ್ತಿ ಮಾಡಿದ ಸಿಂಟರ್ಡ್ ಪ್ಯಾಡ್ ತಾಳಿಕೊಳ್ಳುತ್ತದೆ, ಮೆತ್ತನೆಯವು ಒಂದೇ ದಿನದಲ್ಲಿ ತಗಡಿಗೆ ಬರಬಹುದು. ಗ್ರಿಪ್ಪಿಗೆ ಅಂಟು ಹಾಕಿ, ಮೇಲೆ ತೆಳ್ಳನೆ ತಂತಿಯನ್ನು ಎರಡು ಕಡೆ ಬಿಗಿದು ತುದಿಯನ್ನು ಒಳಕ್ಕೆ ಮಡಚಿ. ನೆನೆದ ಗ್ರಿಪ್ ಥ್ರಾಟಲ್ ಮೇಲೆ ಸುಮ್ಮನೆ ತಿರುಗತೊಡಗಿದರೆ ಗಾಡಿ ಹತೋಟಿಗೆ ಸಿಗುವುದಿಲ್ಲ. ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚನ್ನು ನೀರು ಹಾಕಿ ಪರೀಕ್ಷಿಸಿ.

ಕಣ್ಣು ಮತ್ತು ಕೈ

ಗಾಗಲ್ಸ್ ತೆಗೆದು ಓಡಿಸುವವರನ್ನು ಕಂಡರೆ ನಿಜಕ್ಕೂ ಭಯವಾಗುತ್ತದೆ. ಮುಂದಿನ ಗಾಡಿಯ ಹಿಂದಿನ ಚಕ್ರ ಎಸೆಯುವ ಜಂಬಿಟ್ಟಿಗೆ ಹರಳು ಕಣ್ಣು ಕಳೆಯಲು ಸಾಕು. ಲೆನ್ಸಿನ ಮೇಲಿಂದ ಒಂದೊಂದಾಗಿ ಕಿತ್ತು ತೆಗೆಯುವ ಟಿಯರ್-ಆಫ್ ಹಾಳೆಗಳ ನಡುವೆ ಜಡಿಮಳೆಯ ನೀರು ಸೇರಿ ನೋಟ ಕಲಸುತ್ತದೆ. ಪಕ್ಕದ ದಾರ ಎಳೆದರೆ ಫಿಲ್ಮ್ ಸರಿಯುವ ರೋಲ್-ಆಫ್ ಇಂಥ ದಿನಕ್ಕೆ ಮೇಲು. ಫಿಲ್ಮ್ ಮೊದಲ ಸುತ್ತಿನಲ್ಲೇ ಮುಗಿಸಬೇಡಿ, ಕೆಸರು ಬಿದ್ದಾಗೆಲ್ಲ ಅರ್ಧ ಎಳೆತ ಸಾಕು. ಲೆನ್ಸಿನ ಒಳಮೈಗೆ ಒಂದು ಹನಿ ಶಾಂಪೂ ಸವರಿ ಒಣಬಟ್ಟೆಯಲ್ಲಿ ಒರೆಸಿದರೆ ಮಂಜು ಕಟ್ಟುವುದಿಲ್ಲ. ಒಣ ಗ್ಲೌಸ್ ಎರಡು ಜೊತೆ ಜಿಪ್ ಕವರಿನಲ್ಲಿರಲಿ. ಸ್ಟಾರ್ಟ್ ಲೈನಿಗೆ ಹೋಗುವವರೆಗೆ ರೇನ್‌ಕೋಟ್ ಹಾಕಿಕೊಂಡು ಕೈ ಬೆಚ್ಚಗಿಟ್ಟುಕೊಳ್ಳಿ.

ಓಡಿಸುವಾಗ

ಸ್ಟಾರ್ಟ್ ಲೈನಿನಲ್ಲಿ ಹಿಂದಿನ ಚಕ್ರದ ಮುಂದಿನ ಎರಡಡಿ ಕೆಸರನ್ನು ಬೂಟಿನಿಂದ ಪಕ್ಕಕ್ಕೆ ಸರಿಸಿ ಗಟ್ಟಿ ನೆಲ ತೆರೆಯಿರಿ. ಎರಡನೇ ಗೇರ್, ಥ್ರಾಟಲ್ ಅರ್ಧಕ್ಕಿಂತ ಕಡಿಮೆ, ಕ್ಲಚ್ ಮೆಲ್ಲಗೆ. ಮೊದಲ ಗೇರಿನಲ್ಲಿ ಚಕ್ರ ನಿಂತಲ್ಲೇ ತಿರುಗಿ ಗುಂಡಿ ತೋಡುತ್ತದೆ. ಸಾಲಿನಲ್ಲಿ ತಡವಾದರೆ ಇಂಜಿನ್ ಆಫ್ ಮಾಡಿ, ಕಾಯಿಸಬೇಡಿ.

ಆಮೇಲೆ ಥ್ರಾಟಲ್ ಒಂದೇ ಸಮನೆ ಇರಲಿ. ಕೆಸರಿನ ನಡುವೆ ಥ್ರಾಟಲ್ ಮುಚ್ಚಿದರೆ ಭಾರ ಮುಂದಕ್ಕೆ ಬಂದು ಮುಂದಿನ ಚಕ್ರ ಹೂತುಕೊಳ್ಳುತ್ತದೆ. ನಿಂತು ಓಡಿಸಿ, ಸೊಂಟ ಸ್ವಲ್ಪ ಹಿಂದಕ್ಕೆ, ಮೊಣಕಾಲಿನಿಂದ ಟ್ಯಾಂಕ್ ಹಿಡಿದಿರಿ. ಬ್ರೇಕ್ ನೇರದಲ್ಲೇ ಮುಗಿಯಲಿ. ತಿರುವಿನೊಳಗೆ ಮುಂದಿನ ಬ್ರೇಕ್ ಮುಟ್ಟಿದರೆ ನೆಲ ಸೇರುವುದು ಖಚಿತ. ಡ್ರಮ್ ಬ್ರೇಕ್ ಗಾಡಿಯಾದರೆ ನೀರು ದಾಟಿದ ಮೇಲೆ ಪೆಡಲ್ ತುಸು ಒತ್ತಿ ಶೂ ಒಣಗಿಸಿಕೊಳ್ಳಿ.

ಎಲ್ಲರೂ ಹೋದ ಕೊರಕಲಿಗೆ ಇಳಿಯುವ ಮುಂಚೆ ಅದರ ತಳ ನೋಡಿ. ನೀರು ಹರಿಯುವ ಕೊರಕಲಿನಲ್ಲಿ ಮೆತ್ತನೆ ಮಣ್ಣು ಕೊಚ್ಚಿಹೋಗಿ ತಳದ ಹರಳು ತೆರೆದಿರುತ್ತದೆ, ಅಲ್ಲಿ ಧೈರ್ಯವಾಗಿ ಹೋಗಬಹುದು. ನೀರು ನಿಂತ ಕೊರಕಲು ಇಂಜಿನ್ನಿನ ತಳ ತಾಗುವಷ್ಟು ಆಳ ಇರಬಹುದು. ಅಂಚಿನ ಹುಲ್ಲಿನ ಮೇಲೆ ಹೋಗುವುದೇ ಲೇಸು, ಆದರೆ ಟ್ರ್ಯಾಕಿನ ಗುರುತು ದಾಟಬಾರದು. ಹೂತುಕೊಂಡರೆ ಥ್ರಾಟಲ್ ತಿರುವಿ ಇನ್ನಷ್ಟು ತೋಡಬೇಡಿ. ಇಳಿದು ಗಾಡಿಯನ್ನು ಒಂದು ಬದಿಗೆ ಮಲಗಿಸಿ, ಹಿಂದಿನ ಚಕ್ರವನ್ನು ಕೊರಕಲಿನಿಂದ ಆಚೆ ಎಳೆದು, ಎತ್ತಿ ಹೊರಡಿ. ಎಫ್‌ಐ ಗಾಡಿ ಬಿದ್ದಾಗ ಸೆನ್ಸಾರ್ ಇಂಜಿನ್ ನಿಲ್ಲಿಸಿದ್ದರೆ ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಗಾಡಿ ನೀರಿನಲ್ಲಿ ಮುಳುಗಿ ನಿಂತರೆ ಸೆಲ್ಫ್ ಒತ್ತಲೇಬಾರದು. ಸಿಲಿಂಡರಿನಲ್ಲಿ ನೀರಿದ್ದರೆ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಫಿಲ್ಟರ್ ತೆಗೆದು ನೋಡಿ. ಒಳಗಿನ ಮೈ ಒದ್ದೆಯಾಗಿದ್ದರೆ ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಇಟ್ಟು, ಥ್ರಾಟಲ್ ಪೂರ್ತಿ ತೆರೆದು ಹತ್ತು ಹದಿನೈದು ಕಿಕ್ ಹೊಡೆದು ನೀರು ಹೊರಹಾಕಿ.

ಹಳದಿ ಬಾವುಟ ಕಂಡರೆ ನಿಧಾನ, ಓವರ್‌ಟೇಕ್ ಇಲ್ಲ. ಕೆಂಪು ಕಂಡರೆ ರೇಸ್ ನಿಂತಿತು. ಕೆಸರು ಹತ್ತಿದ ಗಾಗಲ್ಸಿನಲ್ಲಿ ಬಾವುಟ ಕಾಣುವುದು ತಡ, ಹಾಗಾಗಿ ಮಾರ್ಷಲ್‌ಗಳು ನಿಲ್ಲುವ ಜಾಗವನ್ನು ಟ್ರ್ಯಾಕ್ ನಡೆಯುವಾಗಲೇ ನೆನಪಿಟ್ಟುಕೊಳ್ಳಿ.

ಮುಗಿದ ಮೇಲೆ

ಕೆಮ್ಮಣ್ಣು ಒಣಗಿದರೆ ಇಟ್ಟಿಗೆ. ಅದೇ ಸಂಜೆ ತೊಳೆಯಿರಿ. ದಪ್ಪ ಮಣ್ಣನ್ನು ಬಿದಿರಿನ ಸೀಳಿನಿಂದ ಕೆರೆದು ತೆಗೆಯಿರಿ, ಕಬ್ಬಿಣದ ಪಟ್ಟಿ ಪ್ಲಾಸ್ಟಿಕ್ ಗೀರುತ್ತದೆ. ಸೈಲೆನ್ಸರ್ ಬಾಯಿಗೆ, ಏರ್ ಬಾಕ್ಸಿಗೆ ಬಿರಡೆ ಹಾಕಿ, ಇಂಜಿನ್ ಆರಿದ ಮೇಲೆಯೇ ನೀರು ಹೊಡೆಯಿರಿ. ಪ್ರೆಶರ್ ವಾಶರನ್ನು ಚಕ್ರದ ಬೇರಿಂಗ್, ಫೋರ್ಕ್ ಸೀಲ್, ಸ್ಟೀರಿಂಗ್ ಕೋನ್, ರೇಡಿಯೇಟರ್ ಫಿನ್ ಕಡೆ ನೇರ ಹಿಡಿಯಬಾರದು. ಅಲ್ಲಿ ಮಾಮೂಲಿ ಪೈಪು, ಬ್ರಶ್ಶು ಸಾಕು.

ಇಂಜಿನ್ ಆಯಿಲ್ ಬಿಚ್ಚಿ ನೋಡಿ. ಹಾಲು ಬೆರೆತ ಚಹಾದ ಬಣ್ಣ ಇದ್ದರೆ ನೀರು ಸೇರಿದೆ. ಹೊಸ ಆಯಿಲ್ ಹಾಕಿ ಐದು ನಿಮಿಷ ಓಡಿಸಿ, ಅದನ್ನೂ ಚೆಲ್ಲಿ ಮತ್ತೆ ತುಂಬಿ. ಚಕ್ರ ಬಿಚ್ಚಿ ಬೇರಿಂಗಿಗೆ ಬೆರಳು ಹಾಕಿ ತಿರುಗಿಸಿ, ಕರಕರ ಅಂದರೆ ಬದಲಿಸಿ. ಆಕ್ಸೆಲ್, ಸ್ವಿಂಗ್ ಆರ್ಮ್ ಬೋಲ್ಟ್, ಲಿವರ್ ಪಿನ್ನುಗಳಿಗೆ ಹಳೆಯ ಗ್ರೀಸ್ ಒರೆಸಿ ಹೊಸದು ಹಚ್ಚಿ.

ಗ್ಲೌಸ್, ಜರ್ಸಿ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಂದೇ ರಾತ್ರಿಗೆ ಒಣಗುತ್ತವೆ. ಬೂಟನ್ನು ಮಾತ್ರ ಅಲ್ಲಿ ಇಡಬೇಡಿ, ಶಾಖಕ್ಕೆ ಅಟ್ಟೆಯ ಅಂಟು ಬಿಡುತ್ತದೆ. ಒಳಗೆ ಹಳೆಯ ಪೇಪರ್ ತುರುಕಿ, ಬಾಯಿ ಕೆಳಗೆ ಮಾಡಿ ಜಗಲಿಯಲ್ಲಿ ಒರಗಿಸಿ, ಪೇಪರ್ ನೆನೆದಾಗೆಲ್ಲ ಬದಲಿಸಿ.